ಮ್ಯಾನೇಜರರ ಗೋಡೆಗೊಂದು ತೂತು

ದೀಪಾವಳಿಗೆ ಜೂಜುವಾಡಿಯ ಅಂಗಡಿಯಿಂದ ತಂದ ಸುರ್‌ಸುರ್ ಬತ್ತಿ ಹಚ್ಚಿದೆ. ಆ ಸುಟ್ಟ ಕಬ್ಬಿಣದ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಫೋರ್‌ಮನ್ನರು ಪಕ್ಕದಲ್ಲಿ ಬಂದು ನಿಂತಂತಾಯಿತು. "ಇದ್ರಲ್ಲಿ ಉರಿಯೋದು ಕಬ್ಬಿಣದ ಪುಡಿ ಕಣ್ಲಾ. ಆಕ್ಸಿಜನ್ ಪೈಪಲ್ಲೂ ಇದೇ ಹಬ್ಬ. ನೋಡಕ್ಕೆ ಮಾತ್ರ ಯಾರೂ ಉಳ್ಯಲ್ಲ."

ಇಪ್ಪತ್ತು ವರ್ಷದ ಹಿಂದಿನ ಮಾತು. ಹೊಸೂರಿನ ಸಣ್ಣ ಕಾರ್ಖಾನೆಯೊಂದರಲ್ಲಿ ಆಕ್ಸಿಜನ್ ಪೈಪುಗಳಿಗೆ ವಾಲ್ವ್ ಮಾಡುತ್ತಿದ್ದೆವು. ಪೈಪಿನೊಳಗೆ ಉಳಿದ ಲೋಹದ ಕಣವೊಂದು ಓಡಿಬಂದು ವಾಲ್ವಿಗೆ ಬಡಿದರೆ ಕಿಡಿ. ಆಕ್ಸಿಜನ್ನಿನಲ್ಲಿ ಕಿಡಿ ಎಂದರೆ ವಾಲ್ವೇ ಸೌದೆ. ಆ ಕಣದ ವೇಗ ಅಳೆಯುವುದು, ಉದ್ದನಪಲ್ಲಿಯಿಂದ ಮೊಪೆಡ್ಡಿನಲ್ಲಿ ಬರುತ್ತಿದ್ದ ಫೋರ್‌ಮನ್ನರ ಕೆಲಸ. ನಾನು ಅವರ ಕೈಕೆಳಗೆ. ಬೆಂಕಿಯ ಭಯವಿಲ್ಲದ ನೈಟ್ರೋಜನ್ ಊದಿ, ಪುಡಿ ಬಿಟ್ಟು, ಪೈಪಿನ ತುದಿಯ ಎರಡು ಬೆಳಕಿನ ಗೆರೆಗಳನ್ನು ಅದು ದಾಟುವ ಹೊತ್ತನ್ನು ಯಂತ್ರದಲ್ಲಿ ಹಿಡಿಯುತ್ತಿದ್ದರು. ಆಕ್ಸಿಜನ್ ತಾಗಿದರೆ ಹೊತ್ತಿಕೊಳ್ಳುವ ಎಣ್ಣೆ ಅಲ್ಲಿ ಪರಮ ಮೈಲಿಗೆ. ತಲೆಗೆ ಎಣ್ಣೆ ಹಚ್ಚಿ ಬಂದವರಿಗೆ ಶೆಡ್ಡಿನ ದರ್ಶನವಿರಲಿಲ್ಲ.

ಜಗಳ ಹುಟ್ಟಿದ್ದು ಪೈಪಿನ ಉದ್ದದಿಂದ. ಕಣ ಪೂರ್ತಿ ವೇಗ ಹಿಡಿಯಬೇಕಾದರೆ ಪೈಪು ಗೋಡೆ ದಾಟಬೇಕು. ಗೋಡೆಯಾಚೆ ಮ್ಯಾನೇಜರರ ಏಸಿ ಕ್ಯಾಬಿನ್ನು. ಗಿಡ್ಡ ಪೈಪಿನಲ್ಲಿ ವೇಗ ಕಡಿಮೆ ಬಂತು. ಮ್ಯಾನೇಜರರು ಹಿಗ್ಗಿ, ವೇಗ ಮಿತಿಯೊಳಗಿದೆ ಎಂಬ ಸರ್ಟಿಫಿಕೇಟನ್ನು ಫೋರ್‌ಮನ್ನರ ಸೈನಿಗೆ ತಂದರು. ವಾಲ್ವು ಹೊರಟಿದ್ದದ್ದು ಉಕ್ಕಿನ ಕಾರ್ಖಾನೆಯೊಂದಕ್ಕೆ. ಅಲ್ಲಿ ಅದನ್ನು ಕೈಯಿಂದಲೇ ತಿರುಗಿಸುವವನೊಬ್ಬ ಇರುತ್ತಾನೆ...

"ಹೊಸೂರು ಬಸ್‌ಸ್ಟ್ಯಾಂಡಲ್ಲಿ ರಿವರ್ಸ್ ತಗಳೋ ಬಸ್ಸಿನ ಸ್ಪೀಡ್ ನೋಡ್ಬುಟ್ಟು, ಶೂಲಗಿರಿ ರೋಡಲ್ಲೂ ಇಷ್ಟೇ ಓಡ್ತದೆ ಅಂತ ಬರ್ಕೊಡ್ಲಾ ಸಾರ್?" ಎಂದರು ಫೋರ್‌ಮನ್ನರು.

"ಮತ್ತೇನ್ ಮಾಡ್ಬೇಕಂತೀರ?"

"ನಿಮ್ಮ ಗೋಡೆಗೊಂದು ತೂತು ಕೊಡಿ."

ತೂತಿನ ಬದಲು ಅವರಿಗೆ ಸ್ಟೋರ್ಸ್ ದಯಪಾಲಿಸಲಾಯಿತು. ನಟ್ಟು ಬೋಲ್ಟುಗಳ ನಡುವೆ ಒಂದು ಸ್ಟೂಲು. ಮರುದಿನ ಅದೇ ಕಾಗದ ನನ್ನ ಮುಂದೆ. ಆಗಷ್ಟೇ ಮದುವೆಯಾಗಿತ್ತು, ಕೆಲಸ ಪರ್ಮನೆಂಟ್ ಆಗಿರಲಿಲ್ಲ, ಧೈರ್ಯವಂತೂ ನಮ್ಮ ವಂಶದಲ್ಲೇ ಇರಲಿಲ್ಲ. ಕಿಟಕಿಯಿಂದ ಸ್ಟೋರ್ಸ್ ಕಾಣುತ್ತಿತ್ತು. ಅವರು ನನ್ನತ್ತ ತಿರುಗಲೇ ಇಲ್ಲ, ಬೋಲ್ಟು ಎಣಿಸುತ್ತಿದ್ದರು.

"ಗೋಡೆ ಸಾರ್..." ಎಂದು ಸೈನ್ ಹಾಕದೆ ಕಾಗದ ವಾಪಸ್ ಕೊಟ್ಟೆ.

ಹದಿನೈದು ದಿನ ಯಾರೂ ನನ್ನ ಜೊತೆ ಟೀ ಕುಡಿಯಲಿಲ್ಲ. ಕೊನೆಗೆ ಉಕ್ಕಿನ ಕಾರ್ಖಾನೆಯವರು ಸೈನಾದ ಕಾಗದಕ್ಕೆ ಪಟ್ಟು ಹಿಡಿದಾಗ ಮ್ಯಾನೇಜರರು ಗೋಡೆ ಒಡೆಸಿದರು. ಉದ್ದ ಪೈಪಿನಲ್ಲಿ ವೇಗ ಮಿತಿ ದಾಟಿತು. ವಾಲ್ವಿನ ಲೋಹವನ್ನೇ ಬದಲಿಸಬೇಕಾಯಿತು. ಫೋರ್‌ಮನ್ನರನ್ನು ಮಾತ್ರ ಯಾರೂ ವಾಪಸ್ ಕರೆಯಲಿಲ್ಲ. ನಾನು ಕೇಳಿದರೆ "ತೂತು ಬಿತ್ತಲ್ಲ, ಬುಡ್ಲಾ" ಎಂದರು.

ಈ ದೀಪಾವಳಿಗೆ ಅವರಿಲ್ಲ. ಶೆಡ್ಡು ಈಗ ನನ್ನ ಕೈಯಲ್ಲಿದೆ. ಕಾಗದ ತಂದವರನ್ನು ಮೊದಲು ಪೈಪು ಎಷ್ಟುದ್ದ ಎಂದು ಕೇಳುತ್ತೇನೆ. ಹೊಸಬರು ನಗುತ್ತಾರೆ, ನಗಲಿ. ಸೈನ್ ಹಾಕುವುದಿಲ್ಲ ಎಂದ ದಿನ ಮಾತ್ರ ಕಣ್ಣು ಕಿಟಕಿಯಾಚೆ ಸ್ಟೋರ್ಸಿನ ಕಡೆ ಹೋಗುತ್ತದೆ... ಅಲ್ಲೀಗ ಸ್ಟೂಲೂ ಇಲ್ಲ.