ಸೀಟಿನ ಹಿಂದಿನ ಶಾಫ್ಟ್

ಪರ್ಕಳದ ನಮ್ಮ ಮನೆಯ ಅಂಗಳದಲ್ಲಿ, ಅಮ್ಮ ಹಪ್ಪಳ ಒಣಗಿಸುತ್ತಿದ್ದ ಜಾಗದಲ್ಲೇ ನನ್ನ ಕಾರು ನಿಂತಿತ್ತು. ಗುಜರಿಯಿಂದ ತಂದ ಹಳೆಯ ಬಾಡಿಯೊಳಗೆ ಅದರ ಯೋಗ್ಯತೆಗೆ ಮೀರಿದ ಎಂಜಿನ್ ಕೂರಿಸಿದ್ದೆ. ಅಮ್ಮನದು ಒಂದೇ ಷರತ್ತು. ಮಳೆಗಾಲ ಮುಗಿದ ಮೇಲೆ ಕಾರು ಅವಳನ್ನು ದಾರಿಯಲ್ಲಿ ಕೆಟ್ಟು ನಿಲ್ಲದೆ ಕಾರ್ಕಳದ ಚಿಕ್ಕಮ್ಮನ ಮನೆಗೆ ಮುಟ್ಟಿಸಬೇಕು. ಇಲ್ಲದಿದ್ದರೆ ಕಾರು ಗುಜರಿಗೆ, ಅಂಗಳ ಹಪ್ಪಳಕ್ಕೆ. ಅಮ್ಮ ಹೇಳಿದರೆ ಹೇಳಿದ್ದೇ.

ಎಂಜಿನ್ ದೊಡ್ಡದಾದರೆ ಸಾಲದು. ಅದರ ಬಲವನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಡಿಫರೆನ್ಶಿಯಲ್, ಅಲ್ಲಿಂದ ಚಕ್ರಕ್ಕೆ ಒಯ್ಯುವ ಶಾಫ್ಟ್‌ಗಳು ತಾಳಿಕೊಳ್ಳಬೇಕು. ಹಳೆಯ ಡಿಫರೆನ್ಶಿಯಲ್‌ನಲ್ಲಿ ಆಕ್ಸಿಲರೇಟರ್ ಒತ್ತಿದರೆ ಒಂದೇ ಚಕ್ರ ಹುಚ್ಚೆದ್ದು ತಿರುಗುತ್ತಿತ್ತು. ಕಾಪುವಿನಲ್ಲಿ ವೆಲ್ಡಿಂಗ್ ಶಾಪ್ ಇಟ್ಟಿರುವ ಭಾವ, ಒಳಗಿನ ಗಿಯರುಗಳನ್ನೇ ಬೆಸೆದುಬಿಟ್ಟರೆ ಎರಡೂ ಒಟ್ಟಿಗೆ ತಿರುಗುತ್ತವೆ ಎಂದರು. ಬೆಸೆದದ್ದೂ ಆಯಿತು, ಪರೀಕ್ಷೆಗೆಂದು ಕಡಲ ಬದಿಗೆ ಒಯ್ದದ್ದೂ ಆಯಿತು. ಮರಳಿನ ಮೇಲೆ ಕಾರು ಸಲೀಸಾಗಿ ಓಡಿತು, ನಾವಿಬ್ಬರೂ ಬೀಗಿದೆವು. ಕಡಲ ಬದಿಯವರ ಬುದ್ಧಿಯೇ ಅಷ್ಟು. ತಿರುವಿನಲ್ಲಿ ಮರಳು ಚಕ್ರವನ್ನು ಜಾರಲು ಬಿಡುತ್ತದೆ, ಟಾರು ರಸ್ತೆ ಬಿಡುವುದಿಲ್ಲ. ಮಣಿಪಾಲದ ಮೊದಲ ತಿರುವಿನಲ್ಲೇ ಚಕ್ರಗಳು ಕುಪ್ಪಳಿಸಿ ಟಯರ್ ಕಿರುಚಿತು. ಕಾಲೇಜು ಮಕ್ಕಳು ಮೊಬೈಲ್ ಎತ್ತಿ ವೀಡಿಯೊ ಮಾಡಿದರು. ನನಗೆ ಪಿತ್ತ ನೆತ್ತಿಗೇರಿತು.

ತಿರುವಿನಲ್ಲಿ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ, ಆದರೆ ಒಂದೇ ಚಕ್ರಕ್ಕೆ ಹುಚ್ಚೇಳಲು ಬಿಡದ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್ ಕೊನೆಗೆ ಗಲ್ಫಿನಿಂದ ಊರಿಗೆ ಬಂದ ಗೆಳೆಯನೊಬ್ಬನ ಪೆಟ್ಟಿಗೆಯಲ್ಲಿ ಕಂಬಳಿ ಸುತ್ತಿಕೊಂಡು ಬಂತು. ಶಾಫ್ಟ್ ವಿಷಯದಲ್ಲಿ ಮಾತ್ರ ಭಾವನಿಗೂ ನನಗೂ ಜಟಾಪಟಿ. ಅವರಿಗೆ ಇದ್ದುದರಲ್ಲೇ ದಪ್ಪದ್ದು ಬೇಕು. ಶಾಫ್ಟ್ ಅಷ್ಟು ಗಟ್ಟಿಯಾದರೆ ಏಟೆಲ್ಲ ಡಿಫರೆನ್ಶಿಯಲ್ಲಿಗೇ ಬೀಳುತ್ತದೆ, ಮುರಿಯುವುದಿದ್ದರೆ ರಸ್ತೆ ಬದಿಯಲ್ಲಿ ಬದಲಿಸಬಹುದಾದದ್ದು ಮುರಿಯಲಿ ಎಂದು ನನ್ನ ವಾದ. ಹಟ ಹಿಡಿದು ಸಾಧಾರಣ ಶಾಫ್ಟ್‌ಗಳನ್ನೇ ಹಾಕಿದೆ. ಅಂಥದ್ದೇ ಇನ್ನೊಂದನ್ನು ಸೀಟಿನ ಹಿಂದೆ ಇಟ್ಟುಕೊಂಡೆ.

ಅಮ್ಮನನ್ನು ಕೂರಿಸಿಕೊಂಡು ಹೊರಟ ದಿನ, ಹಿರಿಯಡ್ಕ ದಾಟಿದ ಮೇಲೆ ಏರಿನಲ್ಲಿ ಬಸ್ಸೊಂದು ದಾರಿಯೇ ಬಿಡಲಿಲ್ಲ. ಮೂಗಿನ ತುದಿಯಲ್ಲಿದ್ದ ಸಿಟ್ಟು ಕಾಲಿಗಿಳಿಯಿತು. ಬಸ್ಸನ್ನು ಹಿಂದೆ ಹಾಕಿದ್ದೇ ತಡ, ಅಡಿಯಲ್ಲಿ ಟಪ್ಪೆಂದು ಸದ್ದು. ಎಂಜಿನ್ ಸುಮ್ಮನೆ ಕೂಗಿತು, ಕಾರು ನಿಂತಿತು. ಅಂಗಳ ಹೋಯಿತು ಎಂದುಕೊಂಡೆ.

ಜ್ಯಾಕ್ ಏರಿಸಿ ಅಡಿಗೆ ನುಗ್ಗಿದರೆ, ಮುರಿದದ್ದು ಶಾಫ್ಟೇ, ಡಿಫರೆನ್ಶಿಯಲ್ ಅಲ್ಲ. ಬಿಚ್ಚಿದ ಬೋಲ್ಟುಗಳು ಹುಲ್ಲಿಗೆ ಉರುಳುವುದನ್ನು ಕಂಡು ಅಮ್ಮ ಇಳಿದು ಬಂದು ಸೆರಗು ಒಡ್ಡಿದಳು. ಸೀಟಿನ ಹಿಂದಿದ್ದ ಶಾಫ್ಟ್ ಕೂರಿಸುವಾಗ ಒಂದೊಂದೇ ಬೋಲ್ಟ್ ಎತ್ತಿ ಕೊಟ್ಟಳು.

"ಇದು ಮುರಿಯುತ್ತದೆ ಅಂತ ನಿನಗೆ ಗೊತ್ತಿತ್ತಾ?"

"ಮುರಿದರೆ ಇದೇ ಮುರಿಯಲಿ ಅಂತ ಹಾಕಿದ್ದು ಅಮ್ಮ."

ಅವಳು ಕೊನೆಯ ಬೋಲ್ಟನ್ನು ಸೆರಗಿನಲ್ಲೇ ಒರೆಸಿ ಕೊಟ್ಟಳು.

ಕಾರ್ಕಳದಲ್ಲಿ ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದರು. ಇಷ್ಟು ಹೊತ್ತು ಎಂತ ಮಾಡಿದಿರಿ, ಕಾರು ಕೈಕೊಟ್ಟಿತಾ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಗ್ರೀಸ್ ಮೆತ್ತಿದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಕಾರಿಗೆ ಎಂತ ಆಗಲಿಲ್ಲ. ದಾರಿಯಲ್ಲಿ ಚಾ ಕುಡಿದು ಬಂದೆವು."