ಒಬ್ಬಳೇ ಮುಳುಗುವ ವಿದ್ಯೆ

ರಬ್ಬರಿನ ಬಟ್ಟೆ ನಮ್ಮ ಬಾಳೂರಿನ ಮಂಜಿಗೆ ಒಣಗುವುದಿಲ್ಲ ಕಣ್ರೀ. ಮುರ್ಡೇಶ್ವರದಲ್ಲಿ ಪ್ರವಾಸಿಗರನ್ನು ಸಮುದ್ರದೊಳಗೆ ಇಳಿಸುವ ಕೆಲಸದಲ್ಲಿರುವ ಮಗಳು ಸುಮನಾ ರಜೆಗೆ ಬಂದಾಗಲೆಲ್ಲ, ಅವಳ ಆ ಕಪ್ಪು ಉಡುಗೆಯನ್ನು ತೊಳೆದು, ಕಾಫಿ ಕಣದ ಬದಿಯ ತಂತಿಗೆ, ನನ್ನ ಪೂಜೆಯ ಸೀರೆಯಿಂದ ತುಸು ದೂರದಲ್ಲಿ ಹರವುತ್ತೇನೆ. ಸೀರೆ ಸಂಜೆಗೆ ಒಣಗಿದರೂ ಅದು ತೊಟ್ಟಿಕ್ಕುತ್ತಲೇ ಇರುತ್ತದೆ.

ಆನೆಯ ಭಯಕ್ಕೆ ನಮ್ಮ ಕಡೆ ತೋಟದೊಳಗೆ ಯಾರೂ ಒಬ್ಬರೇ ಹೋಗುವುದಿಲ್ಲ. ನೀರಿನಡಿಯೂ ಅದೇ ನೇಮವಂತೆ: ಇಬ್ಬರು ಇಳಿಯಬೇಕು, ಒಬ್ಬರ ಗಾಳಿ ತೀರಿದರೆ ಇನ್ನೊಬ್ಬರು ಕೊಡಬೇಕು. ಹಾಗೆ ಅವಳ ಜೊತೆ ಇಳಿಯುತ್ತಿದ್ದ ವಸ್ತಾರೆಯ ಹುಡುಗ ಪ್ರೀತಮನನ್ನೇ ಅವಳು ಮದುವೆಗೆ ಒಪ್ಪಿದಾಗ, ನೀರಿನೊಳಗಿನ ಜೊತೆಯೇ ನೆಲದ ಮೇಲೂ ಒದಗಿತಲ್ಲ ಎಂದು ಕಳಸಕ್ಕೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬಂದೆ. ಉಂಗುರವೂ ಬದಲಾಯಿತು.

ಆಮೇಲೊಂದು ದಿನ ನೀರಿನಡಿ ಅವಳ ಗಾಳಿಯ ಕೊಳವೆ ಕೈಕೊಟ್ಟಿತು. ಪ್ರೀತಮ್ ಕ್ಯಾಮೆರಾ ಹಿಡಿದು ಆಮೆಯೊಂದರ ಹಿಂದೆ ಹೋಗಿದ್ದ. ಸುತ್ತ ನೋಡಿದಳಂತೆ, ಬರೀ ನೀಲಿ. ಹೇಗೋ ಒಬ್ಬಳೇ ಮೇಲೆ ಬಂದಳು. ಬಂದಳಲ್ಲ, ಅದು ದೇವರು ಕೊಟ್ಟ ಭಿಕ್ಷೆ.

ಅದಾದ ಮೇಲೆ ಅವಳು ಒಬ್ಬಂಟಿಯಾಗಿ ಮುಳುಗುವ ತರಬೇತಿಗೆ ಸೇರಿದಳು. ಅಂಥದ್ದೊಂದು ಓದು ಇದೆಯೆಂದು ನನಗೇನು ಗೊತ್ತು? ಬೆನ್ನಿಗೊಂದು ಸಿಲಿಂಡರು, ಪಕ್ಕಕ್ಕೆ ಬೇರೆಯೇ ಒಂದು ಚಿಕ್ಕದು. ಕಲಿಸುವವರು ಇದ್ದಕ್ಕಿದ್ದಂತೆ 'ಗಾಳಿ ಮುಗಿಯಿತು' ಎಂದು ಸನ್ನೆ ಮಾಡಿದರೆ, ಯಾರತ್ತಲೂ ಕೈಚಾಚದೆ ಆ ಚಿಕ್ಕದಕ್ಕೆ ಬಾಯಿ ಕೊಡಬೇಕು. ಮುಖಕ್ಕೆ ಕಟ್ಟಿದ ಗಾಜು ತೆಗೆಸಿದರೆ ಕಣ್ಣು ಕಾಣದೆಯೇ ಈಜಬೇಕು. ಗೆದ್ದರೆ ಸರ್ಟಿಫಿಕೇಟು. ಮದುವೆಯಾಗಿ ಬಂದ ಮನೆಗಳಲ್ಲಿ ನಾವೆಷ್ಟೋ ಹೆಂಗಸರು ಕಲಿತದ್ದೂ ಇದನ್ನೇ, ನಮಗೆ ಯಾರೂ ಏನೂ ಬರೆದುಕೊಡಲಿಲ್ಲ ಅಷ್ಟೆ.

ಪರೀಕ್ಷೆ ಹತ್ತಿರವಿರುವಾಗ, ಸುಮನಾ ರಜೆಗೆ ಬಂದಿದ್ದ ದಿನ, ಪ್ರೀತಮನ ತಾಯಿ ಬಂದರು. ತಂತಿಯ ಮೇಲಿನ ಉಡುಗೆಯನ್ನು ಕಣ್ಣಲ್ಲೇ ಅಳೆದು, ಕಾಫಿ ಕುಡಿದು, ಈ ತರಬೇತಿಯೊಂದನ್ನು ಬಿಟ್ಟರೆ ಬೇಸಿಗೆಗೇ ಮದುವೆ ಎಂದರು.

"ಗಂಡ ಇರೋಳಿಗೆ ಎರಡ್ನೇ ಸಿಲಿಂಡರ್ ಯಾಕ್ರೀ? ನಮ್ ಹುಡುಗಂಗೆ ಅವಮಾನ ಅಲ್ವಾ?"

ನಮ್ಮೆಜಮಾನರು ಆಗಲೇ ಒಪ್ಪಿ ತಲೆಯಾಡಿಸಿಬಿಟ್ಟಿದ್ದರು. ಸುಮನಾ ಬಾಗಿಲಿಗೆ ಒರಗಿ ನನ್ನನ್ನೇ ನೋಡುತ್ತಿದ್ದಳು. ನಾನು ಒಂದೇ ಮಾತು ಕೇಳಿದೆ.

"ಅವತ್ತು ನಿಮ್ಮ ಹುಡುಗ ಒಂದ್ಸಲನಾದ್ರೂ ತಿರುಗಿ ನೋಡಿದ್ನಾ ಅಕ್ಕಾ?"

"ನೋಡ್ದೆ ಇರ್ತಾನಾ? ನೋಡಿದ್ನಂತೆ. ಕೈ ಆಡಿಸ್ತಾ ಇದ್ಳಂತೆ. ಗಟ್ಟಿಗಿತ್ತಿ, ಬರ್ತಾಳೆ ಬಿಡು ಅಂದ್ಕೊಂಡ್ನಂತೆ."

ಎಷ್ಟು ಸಲೀಸಾಗಿ ಹೇಳಿಬಿಟ್ಟರು ನೋಡಿ. ಬಿಟ್ಟುಹೋಗುವಾಗ ನೆಪವಾದ ಗಟ್ಟಿತನವೇ ಈಗ ಅವಮಾನ.

ಮನೆಗೆ ಬಂದ ಮುತ್ತೈದೆಯನ್ನು ಬರಿಗೈಲಿ ಕಳಿಸಬಾರದು. ಕುಂಕುಮದ ತಟ್ಟೆ ತಂದು ಹಿಡಿದೆ. ಅವರು ಹಣೆಗಿಡುತ್ತಿರುವಾಗ ಸುಮನಾ ಬಂದು ತನ್ನ ಉಂಗುರ ತೆಗೆದು ತಟ್ಟೆಯಲ್ಲಿದ್ದ ವೀಳ್ಯದೆಲೆಯ ಮೇಲಿಟ್ಟಳು. ಯಜಮಾನರು ನನ್ನ ಹೆಸರು ಹಿಡಿದು ಗದರಿದರು. ನಾನು ತಟ್ಟೆಯನ್ನು ಹಿಂದಕ್ಕೆ ತೆಗೆಯಲಿಲ್ಲ.

ಅಂದು ದೀಪ ಹಚ್ಚಿ ಕೈಮುಗಿದಾಗ, ಮಗಳಿಗೆ ಒಳ್ಳೆಯ ಜೊತೆ ಕೊಡು ಎಂದು ಇಷ್ಟು ವರ್ಷ ಬೇಡಿದ್ದ ಬಾಯಿಗೆ ಆ ಮಾತು ಬರಲಿಲ್ಲ. ಗಾಳಿ ನಿಂತಾಗ ಅವಳ ಕೈ ನಡುಗದಿರಲಿ ತಾಯಿ, ಎಂದಷ್ಟೇ ಬೇಡಿಕೊಂಡೆ.