ಮೆಂತ್ಯದ ಬಟ್ಟಲಿನ ಫ್ಯೂಸು

ಮಾವ, ನಿಮ್ಮ ಕಾರು ಹೊರಡದಂತೆ ಮಾಡಿದವಳು ನಾನು.

ಕಾರು ಕೆಟ್ಟಿರಲಿಲ್ಲ. ಎರಡು ವರ್ಷದಿಂದ ತಾಡಪತ್ರಿ ಹೊದ್ದುಕೊಂಡು ಕೊಟ್ಟಿಗೆಯಲ್ಲಿ ನಿಂತಿದೆಯಲ್ಲ, ಅದರ ಕಾಯಿಲೆ ಇರುವುದು ನನ್ನ ಮಸಾಲೆ ಡಬ್ಬಿಯಲ್ಲಿ, ಮೆಂತ್ಯದ ಬಟ್ಟಲಿನೊಳಗೆ. ಉಗುರಿನಷ್ಟು ದೊಡ್ಡದೊಂದು ಹಳದಿ ಫ್ಯೂಸು. ಬಣ್ಣಕ್ಕೆ ಬಣ್ಣ ಕೂಡುತ್ತದೆ ಎಂದು ಅಲ್ಲಿ ಮುಚ್ಚಿಟ್ಟೆ. ಒಮ್ಮೆ ಅವಸರದಲ್ಲಿ ಒಗ್ಗರಣೆಗೇ ಬೀಳುವುದರಲ್ಲಿತ್ತು.

ನಿಮಗೆ ಈಗ ಓದಲು ಆಗುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಾನೇ ಓದಿ ಹೇಳುತ್ತೇನೆ. ಬರೆಯದೆ ಬಾಯಲ್ಲೇ ಹೇಳಹೊರಟರೆ ನಡುವೆ ಚಹಾ ಇಡುವ ನೆಪ ಮಾಡಿ ಎದ್ದು ಹೋಗುತ್ತೇನೆ — ಈಗಾಗಲೇ ಹಾಗೆ ಆಗಿದೆ. ನಿಮಗೆ ಹೊತ್ತಲ್ಲದ ಹೊತ್ತಿನಲ್ಲಿ ಚಹಾ ಸಿಕ್ಕಿತು, ಅಷ್ಟೆ. ಮೀನಿನವಳ ಹತ್ತಿರ ಚೌಕಾಸಿಗೆ ನಿಂತರೆ ಅವರ್ಸಾ ಊರಿಗೆಲ್ಲ ಕೇಳುವ ಬಾಯಿ ನನ್ನದು ಎಂದು ನೀವೇ ನಗುತ್ತೀರಿ. ಆ ಬಾಯಿ ಈ ಒಂದು ವಿಷಯಕ್ಕೆ ಮಾತ್ರ...

ಗಾಡಿ ಕಲಿಸಿದವರು ನೀವು. ಮದುವೆಯಾಗಿ ಬಂದವಳಿಗೆ ಮಾವ ಸ್ಟಿಯರಿಂಗ್ ಹಿಡಿಸುವುದು ಆಗ ಈ ಕೇರಿಯಲ್ಲಿ ಯಾರಿಗೂ ಕಂಡು ಗೊತ್ತಿರಲಿಲ್ಲ. ಆದರೆ ಮೊದಲನೆಯ ದಿನ ಸ್ಟಿಯರಿಂಗ್ ಮುಟ್ಟಲು ಬಿಡಲೇ ಇಲ್ಲ ನೀವು. ಬಾನೆಟ್ ಎತ್ತಿ ನಿಲ್ಲಿಸಿ ಪಾಠ ಶುರು ಮಾಡಿದಿರಿ. ಗಾಡಿ ಹೊರಡದಿದ್ದರೆ ಬೈಯಬಾರದು, ಕಿವಿ ಕೊಡಬೇಕು. ಚಾವಿ ತಿರುಗಿಸಿದರೆ ಸೆಲ್ಫ್ ಹೊಡೆಯುತ್ತದೆಯೇ? ಹಾಗಾದರೆ ಬ್ಯಾಟರಿ ಸರಿ. ಆದರೂ ಎಂಜಿನ್ ಹಿಡಿಯುವುದಿಲ್ಲವೇ? ಹಿಂದಿನ ಸೀಟಿನ ಕೆಳಗೆ ಪೆಟ್ರೋಲ್ ಪಂಪು ಗುಂಯ್ ಎನ್ನುತ್ತದೆಯೇ ಕೇಳು. ಅದು ಸುಮ್ಮನಿದ್ದರೆ ಮೊದಲು ಫ್ಯೂಸು ನೋಡು. ಒಮ್ಮೆ ಅಂಕೋಲಾ ಪೇಟೆಯ ನಡುವೆ ಹಾಗೇ ನಿಂತಾಗ ಸುಟ್ಟ ಫ್ಯೂಸನ್ನು ಬೆಳಕಿಗೆ ಹಿಡಿದು, ಒಳಗಿನ ಕೂದಲಂಥ ತಂತಿ ತುಂಡಾದದ್ದನ್ನು ತೋರಿಸಿದಿರಿ. ಹೊಸದು ಹಾಕಿ, ಹಳೆಯದನ್ನು ಡ್ಯಾಶ್‌ಬೋರ್ಡಿನ ಡಬ್ಬಿಗೆ ಸೇರಿಸಿದಿರಿ. ಏನನ್ನಾದರೂ ಎಸೆದದ್ದುಂಟೇ ನೀವು!

ಆ ಪಾಠವನ್ನೇ ನಿಮ್ಮ ಮೇಲೆ ಪ್ರಯೋಗಿಸಿದೆ.

ಕಾರವಾರದ ಕಣ್ಣಿನ ಡಾಕ್ಟರು ನಿಮ್ಮನ್ನು ಹೊರಗೆ ಕೂರಿಸಿ ನಿಮ್ಮ ಮಗನನ್ನೂ ನನ್ನನ್ನೂ ಒಳಗೆ ಕರೆದಿದ್ದರು. ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಇನ್ನು ಗಾಡಿ ಓಡಿಸಬಾರದು, ಮನೆಯವರೇ ತಿಳಿಸಿ ಹೇಳಿದರೆ ಒಳ್ಳೆಯದು ಎಂದರು. ಮನೆಯವರು ಎಂದರೆ ಯಾರು? ನಿಮ್ಮ ಮಗ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅವರು ಬೆಳಿಗ್ಗೆ ಕೆಲಸಕ್ಕೆಂದು ಕೈಗಾ ಬಸ್ಸು ಹತ್ತಿದರೆ ತಿರುಗಿ ಬರುವುದು ಸಂಜೆಗೆ. ನೀನೇ ಹೇಳು, ನಿನ್ನ ಮಾತು ಅಪ್ಪ ಕೇಳುತ್ತಾನೆ ಎಂದರು. ಇವತ್ತು ನಾಳೆ ಎನ್ನುತ್ತಾ ನಾನೂ ದಿನ ತಳ್ಳಿದೆ, ವಯಸ್ಸಿಗೆ ಕಣ್ಣು ಮಂಜಾಗಿದೆ ಎಂದು ನೀವು ಅಂದುಕೊಂಡದ್ದನ್ನು ತಿದ್ದಲಿಲ್ಲ.

ಆಮೇಲೆ ಹೆದ್ದಾರಿಯಲ್ಲಿ ಆ ಬೆಳಗು. ಎಡಗಡೆಯಿಂದ ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸು ದಾಟುತ್ತಿದ್ದಳು. ನಿಮಗೆ ಕಾಣಲಿಲ್ಲ. ನಾನು ಕೂಗಿದೆ, ನೀವು ಬ್ರೇಕ್ ಒತ್ತಿದಿರಿ, ಅವಳು ಹಾರಿ ಬದಿಗೆ ಬಿದ್ದಳು. ಬುಟ್ಟಿಯ ಬಂಗುಡೆ ಮೀನೆಲ್ಲ ರಸ್ತೆಯ ಮೇಲೆ. ಮೊಣಕೈ ತರಚಿತ್ತು, ಬೇರೆ ಏನೂ ಆಗಲಿಲ್ಲ. ಅವಳೇ ಅಡ್ಡ ಬಂದಳೆಂದು ನೀವು ಹೇಳುತ್ತಲೇ ಇದ್ದಿರಿ. ಆ ಮಧ್ಯಾಹ್ನ ನೀವು ಊಟ ಮಾಡಿ ಮಲಗಿದಾಗ ಬಾನೆಟ್ ಎತ್ತಿದೆ. ಒಳ್ಳೆಯ ಫ್ಯೂಸು ತೆಗೆದು, ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿದ್ದ ಸುಟ್ಟದ್ದನ್ನು ಅದರ ಜಾಗಕ್ಕೆ ಕೂರಿಸಿದೆ.

ಇಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುತ್ತಿರಲಿಲ್ಲವೇನೋ. ಗಾಡಿ ನಿಲ್ಲಿಸಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಆ ವಿಷಯದಲ್ಲಿ ಸುಳ್ಳು ಹೇಳಲಾರೆ. ನನ್ನನ್ನು ತಿನ್ನುತ್ತಿರುವುದು ಮರುದಿನದ ಮಾತು.

ಸೆಲ್ಫ್ ಹೊಡೆಯಿತು, ಎಂಜಿನ್ ಹಿಡಿಯಲಿಲ್ಲ. ನೀವು ಬೈಯಲಿಲ್ಲ. ಇನ್ನೊಮ್ಮೆ ಚಾವಿ ತಿರುಗಿಸಿ, ಕಣ್ಣು ಮುಚ್ಚಿ, ಕಿವಿ ಕೊಟ್ಟಿರಿ. ಪಂಪಿನ ಸದ್ದಿಲ್ಲ, ಫ್ಯೂಸೇ ಹೋಗಿರಬೇಕು ಎಂದಿರಿ — ಎಷ್ಟು ಸರಿಯಾಗಿ ಹೇಳಿದಿರಿ ಮಾವ! ಬಾನೆಟ್ ಎತ್ತಿ, ಬೆರಳಲ್ಲೇ ತಡವಿ, ಅದೇ ಫ್ಯೂಸನ್ನು ಕಿತ್ತು ಬಿಸಿಲಿಗೆ ಹಿಡಿದಿರಿ. ಹತ್ತಿರ ತಂದಿರಿ, ದೂರ ಹಿಡಿದಿರಿ. ಆ ಸಣ್ಣ ತಂತಿ ನಿಮಗೆ ಕಾಣಲಿಲ್ಲ. ಕೊನೆಗೆ ನನ್ನ ಕಡೆ ಚಾಚಿದಿರಿ.

“ನಿನ್ನ ಕಣ್ಣು ಚಲೋ ಅದೆ ತಂಗೀ. ತಂತಿ ತುಂಡಾಯ್ದಾ ನೋಡು.”

ನನ್ನ ಅಂಗೈಯಲ್ಲಿ ತಂತಿ ತುಂಡಾಗಿ, ಕಪ್ಪಾಗಿ ಎದ್ದು ಕಾಣುತ್ತಿತ್ತು. ಅಲ್ಲೇ ಹೇಳಬಹುದಿತ್ತು. ನಿಮ್ಮ ಅಂದಾಜು ಸರಿ, ಆದರೆ ನಿಮ್ಮ ಕಣ್ಣು... ಎರಡೂ ಮಾತು ಒಂದೇ ಉಸಿರಿಗೆ ಮುಗಿಯುತ್ತಿತ್ತು.

“ಸರಿ ಅದೆ ಮಾವ” ಎಂದೆ.

ನೀವು ನನ್ನನ್ನು ನಂಬಿದಿರಿ. ನಿಮ್ಮ ಕಿವಿಯನ್ನು ಬಿಟ್ಟು ನನ್ನ ಕಣ್ಣನ್ನು ನಂಬಿದಿರಿ. ಆ ಫ್ಯೂಸನ್ನೇ ತಿರುಗಿ ಕೂರಿಸಿ, ಆಮೇಲೆ ಒಂದು ವಾರ ಇಲ್ಲದ ದೋಷವನ್ನು ಹುಡುಕಿದಿರಿ. ಅಂಕೋಲಾದಿಂದ ಬಂದ ಮೆಕ್ಯಾನಿಕ್‌ಗೆ, ನನ್ನಿಂದ ವಿಷಯ ತಿಳಿದಿದ್ದ ನಿಮ್ಮ ಮಗ ಮೊದಲೇ ಫೋನಿನಲ್ಲಿ ಎಲ್ಲ ಹೇಳಿದ್ದರು. ಹಳೆ ಗಾಡಿ, ಸಾಮಾನು ಸಿಗುವುದಿಲ್ಲ ಎಂದು ನಿಮ್ಮ ಮುಖ ನೋಡದೇ ಹೇಳಿ ಆ ಮೆಕ್ಯಾನಿಕ್ ಹೊರಟುಹೋದರು. ಆ ಸಂಜೆ ನೀವು ನಟ್ಟು ಬಿಗಿಯುವ ಪಾನಾಗಳನ್ನೆಲ್ಲ ಒರೆಸಿ ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿಸಿದಿರಿ. ಏಣಿ ಹತ್ತಿ ಇಟ್ಟವಳು ನಾನೇ.

ಹಾಗೆಂದು ಈ ಎರಡು ವರ್ಷ ನಾವು ಅಳುತ್ತಾ ಕೂತಿಲ್ಲ. ಗಾಡಿ ನಿಂತ ಮೇಲೆ ನಿಮ್ಮ ಜೊತೆ ಬಸ್ಸಿನಲ್ಲಿ ಅಂಕೋಲಾಕ್ಕೆ ಹೋಗುವುದು ನನಗೆ ರೂಢಿಯಾಗಿದೆ, ಇಷ್ಟವೂ ಆಗಿದೆ. ಕಿಟಕಿಯ ಸೀಟು ನಿಮಗೆ. ಡ್ರೈವರ್ ಗೇರು ಬದಲಿಸುವುದು ತಡವಾದರೆ ನೀವು ಕುಳಿತಲ್ಲೇ ತ್ಚು ಎನ್ನುತ್ತೀರಿ, ನಾನು ಮೊಣಕೈಯಿಂದ ತಿವಿಯುತ್ತೇನೆ. ತಿರುಗಿ ಬರುವಾಗ ನನ್ನ ಭುಜ ಹಿಡಿದು ಗದ್ದೆಯ ಬದು ದಾಟುತ್ತೀರಿ, ಮೀನು ಬೇಯುವವರೆಗೆ ಜಗಲಿಯಿಂದಲೇ ಉಪ್ಪು ಹುಳಿ ವಿಚಾರಿಸುತ್ತೀರಿ. ನನ್ನ ತವರಿನಲ್ಲೂ ನಾನು ಇಷ್ಟು ನೆಮ್ಮದಿಯಿಂದ ಇರಲಿಲ್ಲ. ಆ ನೆಮ್ಮದಿಯ ನಡುವೆಯೇ ದಿನಾ ಮಸಾಲೆ ಡಬ್ಬಿಯ ಮುಚ್ಚಳ ತೆಗೆಯಬೇಕು.

ಹೋದ ವಾರ ಪಕ್ಕದ ಹಿತ್ತಲಿನ ಬೊಮ್ಮಯ್ಯ ಬಂದಿದ್ದ. ತೋಟದ ಪಂಪು ತಿರುಗುತ್ತದೆ, ನೀರು ಎತ್ತುವುದಿಲ್ಲ, ಒಮ್ಮೆ ಬಂದು ನೋಡಿ ಎಂದು ಕರೆದ. ಮೊದಲಾದರೆ ಅವನ ಮಾತು ಮುಗಿಯುವುದರೊಳಗೆ ನೀವು ಅಂಗಳ ದಾಟಿರುತ್ತಿದ್ದಿರಿ. ಅವತ್ತು ನಕ್ಕುಬಿಟ್ಟಿರಿ.

“ಬ್ಯಾರೆ ಯಾರ್ನಾದ್ರೂ ಕರಿಯೋ ಬೊಮ್ಮಯ್ಯ. ನಂಗೆ ಕೈ ಹೋಯ್ತು. ಗಾಡಿಗೆ ಏನಾಯ್ತು ಅಂತ್ಲೇ ತಿಳೀಲಿಲ್ಲ, ಪಂಪಿಗೆಂತ ನೋಡ್ತೆ?”

ಅವನು ಹೋದ ಮೇಲೆ ನೀವು ಬೇಲಿಯಾಚೆಯ ಪಂಪಿನ ಸದ್ದಿಗೆ ತುಸು ಹೊತ್ತು ಕಿವಿಗೊಟ್ಟು, ಕೆಳಗಿನ ವಾಲ್ವಿನಲ್ಲಿ ಗಾಳಿ ಹಿಡಿದಿದೆ ಎಂದು ನಿಮ್ಮಷ್ಟಕ್ಕೇ ಅಂದಿರಿ. ನಾನು ಹಿತ್ತಲಿಗೆ ಹೋಗುವ ನೆಪ ಮಾಡಿ ಬೊಮ್ಮಯ್ಯನಿಗೆ ಹೇಳಿದೆ. ನೀರು ಬಂತು. ನಿಮಗೆ ಬಂದು ತಿಳಿಸಿದರೆ, ಏನೋ ಅಂದಾಜಿಗೆ ಹೇಳಿದೆ ಬಿಡು ಎಂದಿರಿ. ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ, ಮಾವ. ನಿಮ್ಮ ಕಣ್ಣು ಹೋಗುತ್ತಿದೆ ಎಂದು ಹೇಳಲು ಹೆದರಿ, ಇದ್ದ ಕೈಯನ್ನೂ ಕಿತ್ತುಕೊಂಡೆ.

ಈಗ ಹೇಳುತ್ತೇನೆ. ನಿಮ್ಮ ಕಣ್ಣಿನ ನರ ಒಣಗಿದೆ, ಅದು ಸರಿಯಾಗುವುದಿಲ್ಲ. ನೀವು ಇನ್ನು ಗಾಡಿ ಓಡಿಸಬಾರದು. ನಿಮ್ಮ ಕೈಗೆ ಏನೂ ಆಗಿಲ್ಲ. ಫ್ಯೂಸು ಹೋಗಿತ್ತು, ನೀವು ಹೇಳಿದ್ದೇ ಸರಿ.

ಸಿಟ್ಟು ಬರುತ್ತದೆ, ಬರಲಿ. ಇವತ್ತು ನಾನು ಬಡಿಸಿದ್ದು ಉಣ್ಣದಿದ್ದರೂ ಕೇಳುವ ಮುಖ ನನಗಿಲ್ಲ. ಪಾನಾಗಳ ಚೀಲವನ್ನು ಅಟ್ಟದಿಂದ ಇಳಿಸಿ ಜಗಲಿಯಲ್ಲಿಟ್ಟಿದ್ದೇನೆ. ಫ್ಯೂಸನ್ನು ತೊಳೆದು ಒರೆಸಿದ್ದೇನೆ. ಮೆಂತ್ಯದ ವಾಸನೆ ಮಾತ್ರ ಹೋಗಿಲ್ಲ. ಇಷ್ಟು ಕಾಲ ನಿಂತ ಗಾಡಿ ಈಗ ನಿಜಕ್ಕೂ ಹೊರಡುವುದಿಲ್ಲ — ಬ್ಯಾಟರಿ ಸತ್ತಿರುತ್ತದೆ, ಪೆಟ್ರೋಲ್ ಹಳಸಿರುತ್ತದೆ, ಇಲಿ ವಯರು ಕಡಿದಿದ್ದರೂ ಕಡಿದಿರಬಹುದು. ಎಲ್ಲಿ ಏನಾಗಿದೆ ಎಂದು ನೀವೇ ಹುಡುಕಬೇಕು. ನಿಮಗೆ ಮನಸ್ಸಾದ ದಿನ ಕರೆಯಿರಿ. ಪಕ್ಕದಲ್ಲಿ ನಿಲ್ಲುತ್ತೇನೆ. ತಂತಿ ತುಂಡಾಗಿದೆಯೇ ಎಂದು ನೀವು ಕೇಳಿದರೆ, ಕಂಡದ್ದನ್ನೇ ಹೇಳುತ್ತೇನೆ.